ಲಂಡನ್ ಖೂನಿಯ ಆರನೇ ರೀಲು

ಶರಣಪ್ಪ ತನ್ನ ಎಪ್ಪತ್ತೇಳು ವರ್ಷದ ಬಾಳಿನಲ್ಲಿ ದೊಡ್ಡ ಸುಳ್ಳು ಅಂತ ಹೇಳಿದ್ದು ಒಂದೇ. ಆ ಒಂದನ್ನೂ ಮೈಕಿನಲ್ಲಿ ಹೇಳಿದ್ದ.

ಹೇಳಿದ್ದು ನರೇಗಲ್ಲಿನ ಟೂರಿಂಗ್ ಟಾಕೀಸಿನಲ್ಲಿ, ಐವತ್ತು ವರ್ಷದ ಹಿಂದೆ. ಅದು ಬೆನ್ನು ಹತ್ತಿ ಬಂದು ಅವನನ್ನು ಹಿಡಿದದ್ದು ಇಲಿನಾಯ್ ರಾಜ್ಯದ ವುಡ್‌ರಿಡ್ಜಿನಲ್ಲಿ, ಮಗಳ ಮನೆಯ ಅಡಿಗೆಮನೆಯಲ್ಲಿ, ಅವನು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ.

"ಅಜ್ಜಾ, ಐ ಫೌಂಡ್ ಇಟ್," ಅಂದಳು ಮೊಮ್ಮಗಳು ತನಿಷಾ. "ನಿಮ್ಮ ಪಿಕ್ಚರ್. ಲಂಡನ್ ಖೂನಿ."

ತನಿಷಾಗೆ ಡೆಸ್ ಪ್ಲೇನ್ಸಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕೆಲಸ. ಯಾವ ಪೆಟ್ಟಿಗೆ ಯಾವ ಊರು ಮುಟ್ಟಿದೆ ಎಂದು ಕಂಪ್ಯೂಟರಿನಲ್ಲಿ ಕಾಯುತ್ತ ಕೂಡುವವಳು. ಕಳೆದ ವಸ್ತು ಹುಡುಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹಳೆಯ ಚಿತ್ರ ಕೂಡಿಡುವವರ ಒಂದು ಗುಂಪಿಗೆ ಅವಳು ಬರೆದು ಹಾಕಿದ್ದಳಂತೆ: ಇಂಗ್ಲೆಂಡಿನ ಚಿತ್ರ, ಕಪ್ಪು ಬಿಳುಪು, ಒಂದು ಲಾಡ್ಜು, ಒಂದು ಕರಿ ಕೈಗವಸು, ಬಾಗಿಲು ಜೋರಾಗಿ ಹಾಕಿದರೆ ಗೋಡೆಯೇ ಅಲುಗಾಡುತ್ತದೆ. ಗೋಡೆಯ ಮಾತು ಓದಿದ್ದೇ ತಡ, ಡೆಟ್ರಾಯಿಟಿನ ಕಡೆಯ ಒಬ್ಬ ಮುದುಕ ಗುರುತು ಹಿಡಿದಿದ್ದ. ಚಿತ್ರದ ನಿಜವಾದ ಹೆಸರು 'ಎ ಗ್ಲೌ ಇನ್ ಕ್ಯಾಂಬರ್‌ವೆಲ್'. ಪ್ರಿಂಟು ಅವನ ಬೇಸ್‌ಮೆಂಟಿನಲ್ಲೇ ಇದೆ.

"ಎಷ್ಟು ರೀಲು ಅದಾವ?" ಶರಣಪ್ಪ ಕೇಳಿದ. ತುತ್ತು ಕೈಯಲ್ಲೇ ಉಳಿಯಿತು.

"ಆಲ್ ಸಿಕ್ಸ್, ಅಜ್ಜಾ. ಲಾಸ್ಟ್ ರೀಲೂ ಇದೆ. ಶನಿವಾರ ನಿಮ್ಮ ಫಿಫ್ಟಿಯತ್ ಆ್ಯನಿವರ್ಸರಿ ಅಲ್ವಾ. ಲೈಬ್ರರಿ ಹಾಲ್ ಬುಕ್ ಮಾಡಿದೀನಿ, ಎರಡು ಗಂಟೆಗೆ. ಎಲ್ಲಾರಿಗೂ ಹೇಳಿದೀನಿ. ನೀವು ಮೈಕ್‌ನಲ್ಲಿ ಎಕ್ಸ್‌ಪ್ಲೇನ್ ಮಾಡ್ಬೇಕು, ಜಸ್ಟ್ ಲೈಕ್ ದೆನ್."

ಒಲೆಯ ಮುಂದಿದ್ದ ಹೆಂಡತಿ ಮಲ್ಲಮ್ಮ ರೊಟ್ಟಿ ತಿರುವುವುದನ್ನು ಮರೆತು ನಿಂತಳು. ಆಮೇಲೆ, ಎಪ್ಪತ್ತು ದಾಟಿದವಳು, ಹದಿನೆಂಟರ ಹುಡುಗಿಯ ಹಾಗೆ ನಕ್ಕಳು. "ನಮ್ಮಪ್ಪ ಇರಬೇಕಾಗಿತ್ತು," ಅಂದಳು. "ಆ ಪಿಕ್ಚರಿನ್ಯಾಗಿನ ಪೊಲೀಸಪ್ಪನ ಮಾರಿ ಇನ್ನೊಮ್ಮೆ ನೋಡ್ತೇನಲ್ಲ."

ಶರಣಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

ಆಗಿನ ಕಾಲದಲ್ಲಿ ಒಂದೇ ಪ್ರಿಂಟಿನಲ್ಲಿ ಎರಡು ಊರಿನ ಟೆಂಟು ನಡೆಯುತ್ತಿದ್ದವು. ಅಬ್ಬಿಗೇರಿಯಲ್ಲಿ ಆಟ ಮೊದಲು. ಅಲ್ಲಿ ಎರಡು ರೀಲು ಮುಗಿದವೆಂದರೆ ಆ ಡಬ್ಬಿಗಳನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ನರೇಗಲ್ಲಿಗೆ ತುಳಿಯುವುದು, ಕೊಟ್ಟು ತಿರುಗಿ ಓಡುವುದು, ಮುಂದಿನ ಎರಡು ತರುವುದು. ಆ ಸೈಕಲ್ಲು ಶರಣಪ್ಪನದು. ನೂರಾರು ಚಿತ್ರ ಕಂಡಿದ್ದ, ಪೂರ್ತಿ ಕಂಡದ್ದು ಒಂದೂ ಇಲ್ಲ. ಡಬ್ಬಿ ಬರುವತನಕ ಜನ ಎದ್ದು ಹೋಗಬಾರದೆಂದು ನರೇಗಲ್ಲಿನ ಮಾಲಕ ಹಳೆಯ ಕನ್ನಡ ಚಿತ್ರಗಳ ಹಾಡಿನ ತುಂಡು ಓಡಿಸುತ್ತಿದ್ದ. ಹೀಗಾಗಿ ಲಂಡನ್ನಿನಲ್ಲಿ ಖೂನಿ ಆದ ಕೂಡಲೇ ಒಬ್ಬ ಹೆಣ್ಣುಮಗಳು ಕೊಡ ಹೊತ್ತು ಹೊಳೆಯ ದಂಡೆಯ ಮೇಲೆ ಹಾಡುತ್ತಾಳೆ ಎಂಬುದು ನರೇಗಲ್ಲಿನ ಮಂದಿಗೆಲ್ಲ ಗೊತ್ತಿದ್ದ ಸಂಗತಿ.

ಚಿತ್ರ ಬಡವರ ಚಿತ್ರ. ಇದ್ದದ್ದು ಒಂದೇ ಕೋಣೆ. ಪರದೆ ಎಳೆದರೆ ಲಾಡ್ಜು, ಪರದೆ ಸರಿಸಿದರೆ ಪೊಲೀಸ್ ಠಾಣೆ, ಗೋಡೆಗೆ ಒಂದು ಗಡಿಯಾರ ಹಾಕಿದರೆ ಡಾಕ್ಟರನ ಮನೆ. ಹೊರಗೆ ಏನೂ ತೋರಿಸಲಿಕ್ಕೆ ಇಲ್ಲದ್ದಕ್ಕೆ ಎಲ್ಲಿ ನೋಡಿದರೂ ಮಂಜು. ಒಬ್ಬನೇ ಡೊಳ್ಳುಹೊಟ್ಟೆಯವನು ಮೂರು ಟೊಪ್ಪಿಗೆ ಬದಲಿಸಿ ಮೂರು ಸಲ ರಸ್ತೆ ದಾಟುತ್ತಿದ್ದ. ಬಂಗಾರದ ವ್ಯಾಪಾರಿಯೊಬ್ಬ ಲಾಡ್ಜಿನಲ್ಲಿ ಸತ್ತು ಬಿದ್ದಿದ್ದಾನೆ, ಪಕ್ಕದಲ್ಲಿ ಒಂದೇ ಕೈಗವಸು. ಲಾಡ್ಜಿನ ಒಡತಿಯ ಮೇಲೆ ಸಂಶಯ, ಕುಂಟ ಡಾಕ್ಟರನ ಮೇಲೆ ಸಂಶಯ. ಇನ್‌ಸ್ಪೆಕ್ಟರ್ ಸಾಹೇಬ ಚಹಾ ಕುಡಿಯುತ್ತ ಎಲ್ಲರನ್ನೂ ಕೇಳುತ್ತಾನೆ. ಗೇಟಿನಲ್ಲಿ ಒಬ್ಬ ಎತ್ತರದ ಪೊಲೀಸಪ್ಪ ನಿಂತು ಬಂದವರಿಗೆಲ್ಲ ಸಲಾಮು ಹೊಡೆಯುತ್ತಾನೆ.

ಮೊದಲ ದಿನದ ಆಟಕ್ಕೆ ಕೊನೆಯ ಎರಡು ಡಬ್ಬಿ ಕಟ್ಟಿಕೊಂಡು ಶರಣಪ್ಪ ನರೇಗಲ್ಲಿಗೆ ಬಂದಿಳಿದಾಗ ಕ್ಯಾರಿಯರಿನಲ್ಲಿ ಒಂದೇ ಡಬ್ಬಿ ಇತ್ತು. ಹಗ್ಗ ಸಡಿಲಾಗಿ ಆರನೆಯದು ದಾರಿಯಲ್ಲಿ ಎಲ್ಲೋ ಬಿದ್ದಿತ್ತು. ಐದನೇ ರೀಲು ಮುಗಿಯಿತು. ಪರದೆ ಬೆಳ್ಳಗಾಯಿತು. ಜನ ಸೀಟಿ ಹೊಡೆದರು. ಮುಂದಿನ ಕುರ್ಚಿಯಲ್ಲಿ ಲಾಠಿ ತೊಡೆಯ ಮೇಲಿಟ್ಟುಕೊಂಡು ಹವಾಲ್ದಾರ ಬಸಲಿಂಗಪ್ಪ ಕೂತಿದ್ದ, ಪಕ್ಕದಲ್ಲಿ ಮಗಳು ಮಲ್ಲಮ್ಮ. "ಖೂನಿ ಮಾಡಿದಾಂವ ಯಾರು ಅಂತ ಹೇಳದ ಒಬ್ಬನೂ ಇಲ್ಲಿಂದ ಹೋಗೂಹಂಗಿಲ್ಲ," ಅಂದ. ಮಾಲಕ ಮೈಕನ್ನು ಶರಣಪ್ಪನ ಕೈಗೆ ತುರುಕಿ, "ನೀ ಅಬ್ಬಿಗೇರ್ಯಾಗ ನೋಡೀಯಲ್ಲ, ಹೇಳಲೇ," ಅಂದ.

ನೋಡಿರಲಿಲ್ಲ. ಅವನು ಅಬ್ಬಿಗೇರಿ ಮುಟ್ಟಿದಾಗ ಅಲ್ಲಿ ಜನ ಚಪ್ಪಲಿ ಹುಡುಕುತ್ತಿದ್ದರು. ಶರಣಪ್ಪ ಹವಾಲ್ದಾರನ ಮೀಸೆ ನೋಡಿದ, ಲಾಠಿ ನೋಡಿದ, ಮೈಕು ಬಾಯಿಗೆ ಹಿಡಿದ.

"ಆವಾಗ ಗೇಟಿನ್ಯಾಗ ನಿಂತಿದ್ದ ಪೊಲೀಸಪ್ಪ ಒಳಗ ಬಂದ. ಸಾಹೇಬ ಚಹಾ ಕುಡಿಯಾಕ ಹತ್ತಿದ್ದ. ಪೊಲೀಸಪ್ಪ ಅಂದ, ಸಾಹೇಬ್ರ, ಚಹಾ ಆಮ್ಯಾಲೆ ಕುಡೀರಿ, ಖೂನಿ ಮಾಡಿದಾಂವ ನಿಮ್ಮ ಬಾಜೂಕ ಕುಂತಾನ. ಕುಂಟ ಡಾಕ್ಟರನ ಕೈ ಹಿಡದು ಎಬ್ಬಿಸಿದ. ಕೈಗವಸು ಹಾಕಿ ನೋಡಿದ, ಬರೋಬ್ಬರಿ ಕುಂತತು. ಸಾಹೇಬ ಎದ್ದು ನಿಂತು ಪೊಲೀಸಪ್ಪಗ ಸಲಾಮು ಹೊಡದ."

ಇಪ್ಪತ್ತೆರಡು ವರ್ಷ ಸಾಹೇಬರಿಗೆ ಸಲಾಮು ಹೊಡೆದಿದ್ದ ಹವಾಲ್ದಾರ ಲಾಠಿಯನ್ನು ಮಗಳ ಕೈಗೆ ಕೊಟ್ಟ. ಆಮೇಲೆ ಎದ್ದು ಚಪ್ಪಾಳೆ ತಟ್ಟಿದ. ಟೆಂಟಿಗೆ ಟೆಂಟೇ ಎದ್ದು ತಟ್ಟಿತು. ಎರಡು ತಿಂಗಳಲ್ಲಿ ಶರಣಪ್ಪ ಅವನ ಅಳಿಯನಾಗಿದ್ದ. ಸಾಯುವ ತನಕ ಬಸಲಿಂಗಪ್ಪ, ಲಂಡನ್ನಿನಲ್ಲಿ ಹಿಡಿದದ್ದು ಪೊಲೀಸಪ್ಪ, ಸಾಹೇಬ ಬರೀ ಚಹಾ ಕುಡಿದ ಎಂದು ಸಿಕ್ಕವರಿಗೆಲ್ಲ ಹೇಳಿದ. ಅವನ ನಂತರ ಮಲ್ಲಮ್ಮ ಹಿಡಿದಳು. ವುಡ್‌ರಿಡ್ಜ್, ಬೋಲಿಂಗ್‌ಬ್ರೂಕಿನ ಕನ್ನಡದವರ ಮನೆಗಳಲ್ಲಿ ಚಹಾದ ಜೊತೆ ಈ ಕಥೆ ಕೇಳದವರು ಯಾರೂ ಉಳಿದಿರಲಿಲ್ಲ. ಅವಳಿಗೆ ಅದು ಅಪ್ಪನ ಕಥೆ. ಅದು ಗಂಡ ಆ ಗಳಿಗೆಯಲ್ಲಿ ಕಟ್ಟಿ ಹೇಳಿದ್ದೆಂದು ಶನಿವಾರ ಎರಡು ಗಂಟೆಗೆ, ಊರ ಮಂದಿಯ ಮುಂದೆ, ಅವಳಿಗೆ ತಿಳಿಯುವುದಿತ್ತು.

ಮುದುಕ ರೀಲುಗಳನ್ನು ಟಪಾಲಿನಲ್ಲಿ ಕಳಿಸಲಿಕ್ಕೆ ಒಪ್ಪಲಿಲ್ಲ, ಬಂದು ಕೈಯಾರೆ ಒಯ್ಯಬೇಕು ಅಂದ. ಶುಕ್ರವಾರ ಬೆಳಗಾಗುತ್ತಲೇ ಅಳಿಯ ಈರೇಶ್ ಕಾರು ತೆಗೆದ. ಶರಣಪ್ಪ ತಾನೂ ಬರುತ್ತೇನೆಂದು ಹತ್ತಿ ಕೂತ. ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ ದಾರಿ. ಅಷ್ಟುದ್ದಕ್ಕೂ ಅವನು ತನಗೇ ಸಮಾಧಾನ ಹೇಳಿಕೊಂಡ: ಯಾರಿಗೆ ಗೊತ್ತು, ಪೊಲೀಸಪ್ಪನೇ ಹಿಡಿದಿದ್ದರೂ ಹಿಡಿದಿರಬಹುದು.

ಹ್ಯಾಮ್‌ಟ್ರಾಮಿಕ್ಕಿನ ಆ ಮುದುಕನ ಹೆಸರು ನೋವಾಕ್. ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಅವನ ಬೇಸ್‌ಮೆಂಟಿನಲ್ಲಿ ನೆಲದಿಂದ ಮಾಳಿಗೆತನಕ ಡಬ್ಬಿಗಳು. ಶರಣಪ್ಪ ಒಂದನ್ನು ಎತ್ತಿ, ಮುಚ್ಚಳ ತೆರೆದು, ಮೂಗಿನ ಹತ್ತಿರ ಹಿಡಿದು ಹುಳಿ ವಾಸನೆ ಬಂದಿದೆಯೇ ನೋಡಿದ. ಹಳೇ ಫಿಲ್ಮು ಕೆಡುವಾಗ ಮೊದಲು ವಾಸನೆಯೇ ಹೇಳುತ್ತದೆ. ನೋವಾಕ್ ಅದನ್ನು ಕಂಡದ್ದೇ ಈರೇಶನನ್ನು ಬಿಟ್ಟು ಶರಣಪ್ಪನ ಕೈ ಹಿಡಿದುಕೊಂಡ. ಅವನ ಭಾಷೆ ಇವನಿಗೆ ಬಾರದು, ಇವನದು ಅವನಿಗೆ ಬಾರದು. ಒಂದು ತಾಸು ಇಬ್ಬರೂ ಡಬ್ಬಿ ತೆರೆದು ಮೂಸಿ ತಲೆಯಾಡಿಸಿದರು.

ನೋವಾಕ್ ತನ್ನ ಪ್ರೊಜೆಕ್ಟರನ್ನೂ ಕೊಡಲೊಪ್ಪಿ ಈರೇಶನಿಗೆ ಅದನ್ನು ನಡೆಸಲು ಕಲಿಸಿದ. ಅಷ್ಟರಲ್ಲಿ ಈರೇಶನಿಗೆ ಆಫೀಸಿನ ಫೋನು ಬಂತು, ಹೊರಗೆ ಹೋದ. ಪ್ರಿಂಟು ಸರಿ ಇದೆಯೆಂದು ತೋರಿಸಲು ನೋವಾಕ್ ಎಲ್ಲ ಬಿಟ್ಟು ಆರನೇ ರೀಲನ್ನೇ ಏರಿಸಿದ.

ಶರಣಪ್ಪ ಐವತ್ತು ವರ್ಷ ತಡವಾಗಿ ಕೊನೆಯ ರೀಲು ನೋಡಿದ.

ಮಂಜು. ಗೇಟಿನಲ್ಲಿ ಪೊಲೀಸಪ್ಪ. ಇನ್‌ಸ್ಪೆಕ್ಟರ್ ಇಡೀ ಚಿತ್ರದಲ್ಲಿ ಮೊದಲ ಸಲ ಚಹಾದ ಕಪ್ಪು ಕೆಳಗಿಟ್ಟು ಹೊರಗೆ ಬಂದ. ಪೊಲೀಸಪ್ಪ ಸಲಾಮು ಹೊಡೆದ. ಇನ್‌ಸ್ಪೆಕ್ಟರ್ ನಗುತ್ತ ಅವನ ಉದ್ದ ಟೊಪ್ಪಿಗೆಯನ್ನು ತೆಗೆದು ಬೋರಲು ಹಾಕಿದ. ಒಳಗಿಂದ ಎರಡನೆಯ ಕೈಗವಸು ಬಿತ್ತು. ಪೊಲೀಸಪ್ಪ ಓಡಿದ, ಮಾಳಿಗೆ ಹತ್ತಿದ, ಜಾರಿದ, ಸಿಕ್ಕ. ಕೈಗೆ ಕೋಳ ಬಿತ್ತು. ಕಾರಿನಲ್ಲಿ ಹಾಕಿಕೊಂಡು ಹೋದರು.

ಪೊಲೀಸಪ್ಪ ಹಿಡಿಯದಿದ್ದರೂ ನಡೆಯುತ್ತಿತ್ತು. ಪೊಲೀಸಪ್ಪನೇ ಖೂನಿಗಾರ.

ನೋವಾಕ್ ತೊಡೆ ತಟ್ಟಿಕೊಂಡು ನಕ್ಕ, ಯಾರಿಗೂ ಹೇಳಬೇಡ ಎಂದು ತುಟಿಯ ಮೇಲೆ ಬೆರಳಿಟ್ಟ. ಶರಣಪ್ಪನೂ ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡ. ಅವನಷ್ಟು ಮನಸ್ಸಿನಿಂದ ಆ ಮಾತಿಗೆ ಒಪ್ಪಿದವರು ಇರಲಿಕ್ಕಿಲ್ಲ.

ತಿರುಗಿ ಬರುವಾಗ ಅವನ ತಲೆಯಲ್ಲಿ ಒಂದೇ ಯೋಚನೆ. ಒಮ್ಮೆ ಕಳೆದ ರೀಲು, ಇನ್ನೊಮ್ಮೆ ಕಳೆಯಲಾರದೇ?

ಮಿಷಿಗನ್ನಿನ ಒಂದು ರೆಸ್ಟ್ ಏರಿಯಾದಲ್ಲಿ ಈರೇಶ್ ಗಾಡಿ ನಿಲ್ಲಿಸಿದ. ಶರಣಪ್ಪ ಆರನೇ ಡಬ್ಬಿಯನ್ನು ಶಾಲಿನಡಿ ಹಿಡಿದು ಇಳಿದ, ಗಿಡದ ಕೆಳಗಿನ ಬೆಂಚಿನ ಮೇಲೆ ಇಟ್ಟ, ಎರಡು ಸಲ ಕೆಮ್ಮಿ ಬಂದು ಕೂತ. ಗಾಡಿ ಇನ್ನೂ ಹಿಂದೆ ಸರಿದಿರಲಿಲ್ಲ, ಸಣ್ಣ ನಾಯಿಯೊಂದನ್ನು ಎತ್ತಿಕೊಂಡ ಹೆಣ್ಣುಮಗಳು ಓಡಿ ಬಂದು ಗಾಜು ಬಡಿದಳು. ಡಬ್ಬಿ ಕೈಗಿಟ್ಟು ಏನೋ ಹೇಳಿ, ಶರಣಪ್ಪನ ಭುಜ ತಟ್ಟಿ ಹೋದಳು.

"ಏನಂದ್ಲು?"

"ನಿಮ್ಮ ಪೈ ಬಿಟ್ಟು ಹೊಂಟಿದ್ರಿ ಅಂದ್ಲು, ಮಾವಾರ. ಸಿಹಿ ಕಡಬಿನಂಗ ಒಂದು ಇರ್ತೈತಲ್ರಿ, ಅದರ ಡಬ್ಬಿ ಅಂತ ತಿಳದಾಳ. ಇದನ್ನ ಯಾಕ ಹೊರಗ ತಂದಿದ್ರಿ?"

"ಗಾಳಿ ಆಡಲಿ ಅಂತ."

ಈರೇಶ್ ಮಾವನ ಮುಖ ನೋಡಿದ. ದೊಡ್ಡ ಎಂಜಿನಿಯರು ಅವನು. ಫಿಲ್ಮಿಗೆ ಗಾಳಿ ಬೇಕಾಗುತ್ತದೋ ಏನೋ ಎಂದು ಗಾಡಿ ಬಿಟ್ಟ.

ಇಂಡಿಯಾನಾದಲ್ಲಿ ಪೆಟ್ರೋಲಿಗೆ ನಿಂತಾಗ ಶರಣಪ್ಪ ಹುಷಾರಾದ. ಈ ದೇಶದಲ್ಲಿ ಬೆಂಚಿನ ಮೇಲೆ ಇಟ್ಟದ್ದು ಕಳೆಯುವುದಿಲ್ಲ. ಕಸದ ಡಬ್ಬಿಯ ಬಾಯಿಯಲ್ಲಿ ಮೊಣಕೈತನಕ ಕೈ ಹಾಕಿ, ಕಾಫಿ ಕಪ್ಪುಗಳ ಕೆಳಗೆ ರೀಲಿನ ಡಬ್ಬಿಯನ್ನು ಮಲಗಿಸಿ ಬಂದ. ಒಂಬತ್ತು ಮೈಲು ಹಾಡಿಕೊಳ್ಳುತ್ತ ಬಂದ. ಆಗ ಕಾರಿನ ಸ್ಪೀಕರಿನಲ್ಲಿ ತನಿಷಾಳ ದನಿ ಕೇಳಿಸಿತು.

"ಡ್ಯಾಡ್, ವೇರ್ ಆರ್ ಯೂ? ರೀಲ್ ಸಿಕ್ಸ್ ಹಿಂದಿನ ಎಗ್ಸಿಟ್‌ನಲ್ಲಿ ನಿಂತ್ಬಿಟ್ಟಿದೆ. ಬಾಕಿ ಐದು ಮೂವ್ ಆಗ್ತಿವೆ."

"ಅಕಿಗೆ ಹೆಂಗ ಗೊತ್ತಾತು?" ಶರಣಪ್ಪ ಹಾಡು ನಿಲ್ಲಿಸಿ ಕೇಳಿದ.

"ಒಂದೊಂದು ಡಬ್ಬ್ಯಾಗ ಒಂದೊಂದು ಗುಂಡಿ ನನ್ನ ಕಡಿಂದ ಹಾಕಿಸ್ಯಾಳ್ರಿ. ಡಬ್ಬಿ ಎಲ್ಲಿ ಹೋದ್ರೂ ಅಕಿ ಫೋನಿನ್ಯಾಗ ಕಾಣಸ್ತೈತಿ."

ಹೊರಳಿ ಹೋದರು. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಈರೇಶ್ ಕಸದ ಡಬ್ಬಿಯಲ್ಲಿ ಭುಜದತನಕ ಇಳಿದ. ಶರಣಪ್ಪ ಅವನ ಜಾಕೀಟು ಹಿಡಿದುಕೊಂಡು, ಇನ್ನಷ್ಟು ಎಡಕ್ಕೆ ಎಂದು ದಾರಿ ಹೇಳಿದ. ಹೇಳಿದ ಮೇಲೆ ತನಗೆ ಹೇಗೆ ಗೊತ್ತು ಎಂದು ಅಳಿಯ ಕೇಳಿಯಾನೆಂದು ನಾಲಿಗೆ ಕಚ್ಚಿಕೊಂಡ.

"ಬಿಸ್ಕೀಟಿನ ಖಾಲಿ ಡಬ್ಬಿ ಅಂತ ತಿಳದೆ, ಈರೇಶಪ್ಪ. ವಯಸ್ಸಾತು."

"ಪೈ ಅಂದ್ಲು ಅಕಿ, ಬಿಸ್ಕೀಟ್ ಅಂತೀರಿ ನೀವು," ಅಂದ ಈರೇಶ್, ಕಿವಿಗೆ ಹತ್ತಿದ ಕೆನೆ ಒರೆಸಿಕೊಳ್ಳುತ್ತ. "ಫಿಲ್ಮ್ ಅಂತ ಯಾರೂ ಅನ್ನವಲ್ರು."

ಶನಿವಾರ ಮುಂಜಾನೆ ಶರಣಪ್ಪ ಎಲ್ಲರಿಗಿಂತ ಮೊದಲೇ ಎದ್ದ. ಈ ಸಲ ಅವನು ಕಂಪ್ಯೂಟರಿಗಿಂತ ಒಂದು ಹೆಜ್ಜೆ ಮುಂದಿದ್ದ. ಗುಂಡಿ ಇರುವುದು ಡಬ್ಬಿಯಲ್ಲಿ. ಹಾಗಾದರೆ ಡಬ್ಬಿ ಇರಲಿ. ರೀಲನ್ನು ಹೊರತೆಗೆದು, ತೂಕಕ್ಕೆ ಮಲ್ಲಮ್ಮನ ಒಂದು ಸ್ಟೀಲಿನ ತಾಟು ಒಳಗಿಟ್ಟು ಮುಚ್ಚಳ ಹಾಕಿದ. ಗ್ಯಾರೇಜಿನಲ್ಲಿ ಬಾಯಿ ತೆರೆದ ಅಕ್ಕಿಯ ಚೀಲವಿತ್ತು. ರೀಲನ್ನು ಅದರಲ್ಲಿ ಆಳಕ್ಕೆ ಹೂತು, ಮೇಲೆ ಅಕ್ಕಿ ಸವರಿದ. ಸ್ನಾನ ಮಾಡಿದ, ಹಣೆಗೆ ಇಬತ್ತಿ ಹಚ್ಚಿದ, ಬಿಳೀ ಧೋತರ ಉಟ್ಟ. ನೋವಾಕನಿಗೆ ಸೋಮವಾರ ರೀಲು ತಿರುಗಿ ಮುಟ್ಟಿಸಿದರಾಯಿತು. ಅಕ್ಕಿಯೊಳಗೆ ಅದಕ್ಕೇನೂ ಆಗುವುದಿಲ್ಲ, ತೇವ ಹಿಡಿಯದಿರಲೆಂದು ಊರಲ್ಲಿ ವಾಚನ್ನೂ ಹಾಗೇ ಇಡುತ್ತಿದ್ದರು.

"ಏನ್ರೀ, ಮದಿಮಗನಂಗ ಕಾಣಾಕ ಹತ್ತೀರಿ," ಅಂದಳು ಮಲ್ಲಮ್ಮ.

"ಮತ್ತ ಯಾರ ಲಗ್ನದ ದಿವಸ ಇವತ್ತ?" ಅಂದ ಶರಣಪ್ಪ. ನಗು ತಡೆಯಲಿಕ್ಕೆ ಆಗಲಿಲ್ಲ.

ಲೈಬ್ರರಿಯ ಹಾಲು ತುಂಬಿತ್ತು. ಕನ್ನಡದ ಮನೆಗಳವರೆಲ್ಲ ಬಂದಿದ್ದರು, ಅವರ ದೊಡ್ಡ ಮಕ್ಕಳು ಬಂದಿದ್ದರು, ಹಳೆಯ ಚಿತ್ರವೆಂದು ಊರಿನ ಎಂಟು ಹತ್ತು ಅಮೆರಿಕನ್ ಹಿರಿಯರೂ ಕಾಫಿ ಹಿಡಿದು ಕೂತಿದ್ದರು. ಮಗಳು ಶಿವಾನಿ ಆಸ್ಪತ್ರೆಯಿಂದ ನೇರ ಬಂದು ಅವ್ವನ ಪಕ್ಕ ಕೂತಳು. ಈರೇಶ್ ಪ್ರೊಜೆಕ್ಟರ್ ಚಾಲೂ ಮಾಡಿದ. ಆ ಕರಕರ ಸಪ್ಪಳ ಕಿವಿಗೆ ಬಿದ್ದದ್ದೇ ಶರಣಪ್ಪನ ಬೆನ್ನು ನೆಟ್ಟಗಾಯಿತು.

ಹೇಳಿದ. ಏನು ಹೇಳಿದ ಅಂತೀರಿ. ಇಂಗ್ಲಿಷಿನವರು ಒಂದು ಮಾತಾಡಿದರೆ ಇವನು ಮೂರು ಮಾತಾಡಿದ. ಡೊಳ್ಳುಹೊಟ್ಟೆಯವನು ಎರಡನೇ ಸಲ ರಸ್ತೆ ದಾಟಿದಾಗ, "ಇವನ ತಮ್ಮ ಬಂದ ನೋಡ್ರಿ," ಅಂದ. ಮೂರನೇ ಸಲಕ್ಕೆ, "ಇವನ ಅಳಿಯ," ಅಂದ. ಗೋಡೆ ಅಲುಗಾಡಿದಾಗ, "ಸುಣ್ಣ ಹಸಿ ಐತಿ, ಯಾರೂ ಮುಟ್ಟಬ್ಯಾಡ್ರಿ," ಅಂದ. ಬೋಲಿಂಗ್‌ಬ್ರೂಕಿನ ಭಾನು ಆಂಟಿ ನಕ್ಕು ನಕ್ಕು ಶಾಲನ್ನು ಬಾಯಿಗೆ ಒತ್ತಿಕೊಂಡರು. ಎರಡನೇ ರೀಲು ಮುಗಿದು ದೀಪ ಹತ್ತಿದಾಗ ಮಲ್ಲಮ್ಮ ಸುತ್ತ ನೋಡಿದಳು.

"ಹಾಡು ಎಲ್ಲೈತಿ?"

"ಯಾವ ಹಾಡು, ಅಜ್ಜಿ?"

"ಖೂನಿ ಆದ ಮ್ಯಾಲೆ ಅಕಿ ಕೊಡ ಹೊತ್ತು ಹಾಡತಾಳಲ್ಲ. ಅದನ್ನ ಕತ್ತರಿಸ್ಯಾರೇನು?"

ತನಿಷಾ ಅಜ್ಜಿಗೆ ಏನೋ ತಿಳಿಸಿ ಹೇಳಲು ಹೋದಳು. ಮಲ್ಲಮ್ಮ ಕೇಳಲಿಲ್ಲ. ಹಾಡಿಲ್ಲದೆ ಮೂರನೇ ರೀಲು ಹೆಂಗ ಶುರು ಮಾಡತೀರಿ ಅಂದಳು. ಕೊನೆಗೆ ಭಾನು ಆಂಟಿ ಎದ್ದು ಒಂದು ಹಾಡು ಹೇಳಿದರು. ಅಮೆರಿಕನ್ ಹಿರಿಯರು, ಇದು ಈ ಜನರ ಪದ್ಧತಿಯಿರಬೇಕೆಂದು ತಲೆದೂಗಿದರು.

ಐದನೇ ರೀಲು ಮುಗಿಯಿತು. ಶರಣಪ್ಪ ಮುಖದ ಮೇಲೆ ಆಶ್ಚರ್ಯ ತಂದುಕೊಳ್ಳಲು ತಯಾರಾದ. ಅಯ್ಯೋ, ಡಬ್ಬ್ಯಾಗ ತಾಟು ಯಾರಿಟ್ಟರು ಅನ್ನುವುದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿಕೊಂಡಿದ್ದ. ಹೋಗಲಿ ಬಿಡ್ರಿ, ಕಡೀದು ನಾನ ಹೇಳತೇನಿ ಅಂದು ಮೈಕು ಹಿಡಿಯುವುದು ಬಾಕಿ.

ಈರೇಶ್ ಆರನೇ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ರೀಲಿತ್ತು.

ಶರಣಪ್ಪನ ಮುಖದ ಮೇಲೆ ನಿಜವಾದ ಆಶ್ಚರ್ಯವೇ ಬಂತು. ದೀಪ ಆರಿತು. ಪರದೆಯ ಮೇಲೆ ಮಂಜು ಬಂತು. ಮಂಜಿನ ನಡುವೆ, ಲಾಡ್ಜಿನ ಗೇಟಿಗಿಂತ ದೊಡ್ಡದಾಗಿ, ಒಂದು ಉದ್ದನೆಯ ಕರಿ ನೆರಳು ನಡುಗುತ್ತ ನಿಂತಿತು. ಎರಡೂ ತುದಿ ಚೂಪು, ನಡುವೆ ದಪ್ಪ. ಉಳಿದವರು ಅದನ್ನು ಏನೆಂದು ತಿಳಿದರೋ. ಶರಣಪ್ಪನಿಗೆ ಗೊತ್ತಾಯಿತು, ಅದು ಅಕ್ಕಿಯ ಕಾಳು. ಅಕ್ಕಿಯ ಚೀಲಕ್ಕೆ ಈ ಮನೆಯಲ್ಲಿ ಕೈ ಹಾಕುವವರು ಒಬ್ಬರೇ.

ಅವನು ಮೆಲ್ಲಗೆ ತಿರುಗಿ ಮಲ್ಲಮ್ಮನ ಕಡೆ ನೋಡಿದ. ಅವಳು ಪರದೆಯನ್ನೇ ನೋಡುತ್ತಿದ್ದಳು.

ಇನ್‌ಸ್ಪೆಕ್ಟರ್ ಚಹಾದ ಕಪ್ಪು ಕೆಳಗಿಟ್ಟ. ಪೊಲೀಸಪ್ಪ ಸಲಾಮು ಹೊಡೆದ. ಶರಣಪ್ಪ ಮೈಕನ್ನು ಬಾಯಿಂದ ಕೆಳಗಿಳಿಸಿದ. ಟೊಪ್ಪಿಗೆ ಬೋರಲಾಯಿತು. ಕೈಗವಸು ಬಿತ್ತು. ಹಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು.

ಮಲ್ಲಮ್ಮ ಎದ್ದು ಬಂದು ಗಂಡನ ಕೈಯಿಂದ ಮೈಕು ತೆಗೆದುಕೊಂಡಳು.

"ನೋಡ್ರಿ," ಅಂದಳು. ದನಿ ಗಟ್ಟಿಯಾಗಿತ್ತು. "ಪೊಲೀಸಪ್ಪ ಎಷ್ಟು ಶಾಣ್ಯಾ. ಸಾಕ್ಷಿ ಕಳೀಬಾರದು ಅಂತ ಕೈಗವಸು ತನ್ನ ಟೊಪಿಗ್ಯಾಗ ಕಾದಿಟ್ಟಾನ. ಸಾಹೇಬಗ ತೋರಿಸಿದ."

ಪರದೆಯ ಮೇಲೆ ಪೊಲೀಸಪ್ಪ ಓಟ ಕಿತ್ತ.

"ಖೂನಿ ಮಾಡಿದಾಂವ ಓಡಿದ, ಇಂವ ಬೆನ್ನು ಹತ್ತಿದ. ಆ ಖೂನಿಗಾರ ಬಾಳ ಮುಂದ ಹೋಗ್ಯಾನ, ಅದಕ್ಕ ನಮಗ ಕಾಣವಲ್ಲ. ಹಿಂದ ಓಡಾಕ ಹತ್ತಿದವರೆಲ್ಲ ಇವನ ಸಹಾಯಕ್ಕ ಬಂದವರು. ಸಾಹೇಬನೂ ಓಡಾಕ ಹತ್ಯಾನ, ಚಹಾ ಕುಡದು ಹೊಟ್ಟಿ ಕುಲುಕತೈತಿ, ಪಾಪ."

ಇಂಗ್ಲಿಷು ಚೆನ್ನಾಗಿ ಬಲ್ಲ, ಕನ್ನಡವೂ ತಿಳಿಯುವ ದೊಡ್ಡ ಮಕ್ಕಳ ಸಾಲು ಮೊದಲು ಕುಸಿಯಿತು. ತನಿಷಾ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತಳು. ಪೊಲೀಸಪ್ಪ ಮಾಳಿಗೆಯಿಂದ ಜಾರಿದ, ಇಬ್ಬರು ಹಿಡಿದರು.

"ಬೀಳೂವಾಗ ಹಿಡಕೊಂಡರು ನೋಡ್ರಿ, ಎಷ್ಟು ಪ್ರೀತಿ."

ಇನ್‌ಸ್ಪೆಕ್ಟರ್ ಕೋಳ ತೆಗೆದು ಪೊಲೀಸಪ್ಪನ ಮಣಿಕಟ್ಟಿಗೆ ಹಾಕಿದ.

"ಸಾಹೇಬ ಖುಷಿ ಆಗಿ ಗಡಿಯಾರ ಕೊಟ್ಟ. ಒಂದಲ್ಲ, ಎರಡೂ ಕೈಗೆ."

ಈಗ ಇಡೀ ಹಾಲು ಹೊಟ್ಟೆ ಹಿಡಿದುಕೊಂಡಿತ್ತು. ಏನಂತ, ಏನಂತ ಎಂದು ಅಮೆರಿಕನ್ ಹಿರಿಯರು ಪಕ್ಕದವರ ತೋಳು ಜಗ್ಗಿದರು. ಕೇಳಿ ತಿಳಿದವರು ಮುಂದಿನ ಸಾಲಿಗೆ ದಾಟಿಸಿದರು. ನಗು ಸಾಲಿನಿಂದ ಸಾಲಿಗೆ ಮೆಟ್ಟಿಲು ಹತ್ತಿ ಹೋದಂತೆ ಹೋಯಿತು. ಕಾರು ಬಂತು. ಪೊಲೀಸಪ್ಪನನ್ನು ಹಿಂದಿನ ಸೀಟಿಗೆ ಹತ್ತಿಸಿ ಬಾಗಿಲು ಹಾಕಿದರು.

"ಸ್ವಂತ ಕಾರಿನ್ಯಾಗ ಕುಂಡ್ರಿಸಿ ರಾಣಿಯ ಅರಮನಿಗೆ ಕರಕೊಂಡು ಹೊಂಟರು," ಅಂದಳು ಮಲ್ಲಮ್ಮ. "ನಮ್ಮಪ್ಪ ಹೇಳ್ತಿದ್ದದ್ದು ಇದನ್ನ."

ಪರದೆ ಬೆಳ್ಳಗಾಯಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನರೇಗಲ್ಲಿನ ಟೆಂಟು ತಟ್ಟಿದ ಹಾಗೇ.

ಮಂಡಕ್ಕಿ, ಮಿರ್ಚಿ ಭಜಿ ಹಂಚುವ ಗದ್ದಲದಲ್ಲಿ ಶರಣಪ್ಪ ಗೋಡೆಯ ಕಡೆಯ ಕುರ್ಚಿಯಲ್ಲಿ ಕೂತಿದ್ದ. ಮಲ್ಲಮ್ಮ ತಟ್ಟೆ ಹಿಡಿದು ಬಂದು ಪಕ್ಕ ಕೂತಳು.

"ಮುಂಜಾನೆ ಅಕ್ಕಿ ತಗೋಳಾಕ ಹೋದೆ," ಅಂದಳು. "ಚೀಲದಾಗ ಚಕ್ಕಡಿ ಗಾಲಿಯಂಥಾದ್ದು ಕೈಗೆ ಹತ್ತಿತು. ಒರಸಿ ಡಬ್ಬ್ಯಾಗ ಇಟ್ಟೆ. ಅಲ್ಲಿ ನನ್ನ ತಾಟು ಇತ್ತು."

ಶರಣಪ್ಪ ಭಜಿಯ ತುದಿ ಮುರಿದ, ತಿನ್ನಲಿಲ್ಲ. "ಮಲ್ಲವ್ವ, ಆವತ್ತು ನಾ ಆ ರೀಲು ನೋಡಿರಲಿಲ್ಲ."

"ಗೊತ್ತೈತಿ."

"ಇವತ್ತ ಗೊತ್ತಾತೇನು?"

"ಅಬ್ಬಿಗೇರ್ಯಾಗ ಊರ ಮಂದಿ ಎಲ್ಲಾ ನೋಡಿತ್ತಲ್ರಿ," ಅಂದಳು ಮಲ್ಲಮ್ಮ. "ಅಬ್ಬಿಗೇರಿಯವರು ನಮ್ಮ ಸಂತಿಗೆ ಬರ್ತಿದ್ದಿಲ್ಲೇನು?"

ಶರಣಪ್ಪ ಭಜಿ ಹಿಡಿದುಕೊಂಡೇ ಅವಳ ಕಡೆ ತಿರುಗಿದ. ಐವತ್ತು ವರ್ಷ ಅವನು ಆ ಡಬ್ಬಿ ಯಾವ ಹೊಲದಲ್ಲಿ ಬಿತ್ತೆಂದು ಯೋಚಿಸಿದ್ದ. ಡಬ್ಬಿ ಬೀಳುವ ಮೊದಲೇ ಒಂದು ಊರಿಗೆ ಊರೇ ಅದನ್ನು ನೋಡಿ ಮನೆಗೆ ಹೋಗಿತ್ತೆಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ.

"ನಿಮ್ಮಪ್ಪಗ?"

"ಮರುದಿನಾನ. ಅಬ್ಬಿಗೇರಿ ಪೊಲೀಸಪ್ಪ ಬಂದು ಹೇಳಿದ. ಅಪ್ಪ ಜಗಲಿ ಮ್ಯಾಲೆ ಕುಂತು ಕಣ್ಣಾಗ ನೀರು ಬರೂ ಹಂಗ ನಕ್ಕ. ನನ್ನ ಮಾರಿ ನೋಡಿ, ಖೂನಿಗಾರನ್ನ ದೊಡ್ಡ ಮನಿಷಾನ ಮಾಡಿದನಲ್ಲ ಆ ಸೈಕಲ್ ಹುಡುಗ, ಇಂವ ಎಲ್ಲಿದ್ರೂ ಬದಕತಾನ, ಅಂದ. ಸಂಜಿಗೆ ನಿಮ್ಮ ಮನಿತನ ವಿಚಾರಿಸಾಕ ಹೋದ."

"ಮತ್ತ ಇಷ್ಟು ವರ್ಷ ಮಂದಿ ಮುಂದೆಲ್ಲ ಹೇಳಿಕೋತ ಬಂದೆಲ್ಲ ನೀನು. ಹೇಳಿದಾಗೆಲ್ಲ ನನ್ನ ಕಡೆ ನೋಡಿ, ಹೌದಲ್ರೀ ಅಂತಿದ್ದಿ."

"ಎಂದರ ಒಂದು ದಿವಸ ಒಪ್ಪತೀರೇನು ಅಂತ ಕಾದೆ," ಅಂದಳು ಮಲ್ಲಮ್ಮ. "ಹವಾಲ್ದಾರನ ಮಗಳು ನಾನು. ಐವತ್ತು ವರ್ಷದ ಮ್ಯಾಲೆ ಇವತ್ತ ಬಾಯಿ ಬಿಟ್ಟಿರಿ."

ಅವಳು ಅವನ ಕೈಯ ಭಜಿಯ ತುಂಡು ಕಸಿದು ತಿಂದಳು. ಶರಣಪ್ಪನಿಗೆ ಮೊದಲು ಹೊಟ್ಟೆಯೊಳಗೆ ನಗು ಹುಟ್ಟಿತು, ಆಮೇಲೆ ಭುಜ ಕುಣಿದವು, ಆಮೇಲೆ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು. ಮಲ್ಲಮ್ಮ ಅವನ ಬೆನ್ನಿಗೆ ಗುದ್ದಿದಳು, ಗುದ್ದುತ್ತ ತಾನೂ ನಕ್ಕಳು.

ಅತ್ತ ಈರೇಶ್ ಪ್ರೊಜೆಕ್ಟರನ್ನು ಪೆಟ್ಟಿಗೆಯಲ್ಲಿ ಇಡುವ ಮೊದಲು ಬೋರಲು ಹಿಡಿದು ಜಾಡಿಸಿದ. ಅಂಗೈ ಮೇಲೆ ಏನೋ ಮೂರು ಕಾಳು ಬಿದ್ದವು. ಬೆಳಕಿಗೆ ಹಿಡಿದು ನೋಡಿದ, ಇನ್ನೊಮ್ಮೆ ನೋಡಿದ, ಅಂಗೈ ಚಾಚಿಕೊಂಡೇ ಅತ್ತೆ ಮಾವನ ಹತ್ತಿರ ಬಂದ.

"ಮಾವಾರ, ಇದರಾಗ ಅಕ್ಕಿ ಹೆಂಗ ಬಂತ್ರಿ?"

ಶರಣಪ್ಪ ಕನ್ನಡಕ ಹಾಕಿಕೊಂಡು ಹೆಂಡತಿಯ ಕಡೆ ನೋಡಿದ. ಮಲ್ಲಮ್ಮ ಕೈ ಚಾಚಿದಳು. ಆ ಮೂರು ಕಾಳುಗಳನ್ನು ಅಳಿಯನ ಅಂಗೈಯಿಂದ ತೆಗೆದುಕೊಂಡು ಗಂಡನ ತಲೆಯ ಮೇಲೆ ಹಾಕಿದಳು.

"ಐವತ್ತು ವರ್ಷದ ಲಗ್ನ ಅಲ್ಲೇನಪ್ಪಾ," ಅಂದಳು. "ಅಕ್ಷತಿ ಅವು."